ಕೈ ಸುಮ್ಮನಿದ್ದ ಹೊತ್ತು

ಆ ಸೋಮವಾರ ಶಸ್ತ್ರಚಿಕಿತ್ಸಾ ವಿಭಾಗದ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಬೆತ್ಸಾಬೆ ಯುಹ್ರಾಳ ಹೆಸರು ಕಟ್ಟಕಡೆಗಿತ್ತು. ಐವತ್ತೇಳು. ಹಿಂದಿನ ತಿಂಗಳು ಐವತ್ತನಾಲ್ಕು. ಅರವತ್ತರ ಕೆಳಗೆ ಮೂರು ಸಲ ಇಳಿದವರು ತರಬೇತಿ ಬಿಟ್ಟು ಹೋಗಬೇಕೆಂಬುದು ನಿಯಮ. ಎರಡು ಸಲ ಆಗಿಹೋಗಿತ್ತು.

ಪ್ರತಿ ಹೆಸರಿನ ಮುಂದೆ ನಾಲ್ಕು ಮನೆಗಳು: ಕೈ ಸಾಗಿದ ದೂರ, ಚಲನೆಗಳ ಎಣಿಕೆ, ಚಲನೆಯ ನಯ, ಕೈ ಸುಮ್ಮನಿದ್ದ ಹೊತ್ತು. ಮೊದಲ ಮೂರರಲ್ಲಿ ಅವಳು ಎಲ್ಲರಂತೆಯೇ ಇದ್ದಳು. ನಾಲ್ಕನೆಯ ಮನೆ ಮಾತ್ರ ಕೆಂಪಗಿತ್ತು.

"ಏನೇ ಯುಹ್ರಾ, ಹೊಟ್ಟೆ ಕೊಯ್ದು ಒಳಗೆ ಕೈ ಇಟ್ಕೊಂಡು ನಿದ್ದೆ ಮಾಡ್ತೀಯಾ?" ಎಂದ ಇಗ್ನಾಸಿಯೊ ಹಿಂದಿನಿಂದ. ಪಟ್ಟಿಯ ಮೇಲ್ತುದಿಯಲ್ಲಿ ಅವನ ಹೆಸರಿತ್ತು, ಎಂಬತ್ತೆಂಟು. ಅವನೂ ಅವಳಂತೆ ಮೂರನೇ ವರ್ಷದ ತರಬೇತಿಯವನೇ. ಕೆಳಗಿನ ಲಾ ಪಾಸ್ ನಗರದ ಬೆಚ್ಚನೆಯ ಬಡಾವಣೆಯಿಂದ ದಿನಾ ಬೆಳಗ್ಗೆ ಕಾರಿನಲ್ಲಿ ಮೇಲಿನ ಊರು ಎಲ್ ಆಲ್ತೊದ ಈ ಆಸ್ಪತ್ರೆಗೆ ಹತ್ತಿ ಬರುತ್ತಿದ್ದ.

"ಒಳಗೆ ಬೆಚ್ಚಗಿರುತ್ತಲ್ಲ, ನಿಮ್ಮನೆ ಥರ. ಅದಕ್ಕೆ," ಎಂದಳು. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಆಪರೇಷನ್ನಿಗೆ ಮುಂಚೆ ತೊಳೆದ ಎರಡೂ ಮಣಿಕಟ್ಟಿಗೆ ಒಂದೊಂದು ಬೂದು ಪಟ್ಟಿ, ತೋರುಬೆರಳಿನ ಬೆನ್ನಿಗೆ ಬೇಳೆಕಾಳಿನಷ್ಟು ಗುಂಡಿ, ಅದರ ಮೇಲೆ ಗ್ಲೌಸು. ಕೈ ಎಲ್ಲಿ ಹೋಯಿತು, ಎಷ್ಟು ಸಲ ತಿರುಗಿತು, ಎಲ್ಲಿ ನಡುಗಿತು, ಎಲ್ಲಿ ನಿಂತಿತು ಎನ್ನುವುದನ್ನೆಲ್ಲ ಆ ಪಟ್ಟಿ ಗೋಡೆಯ ಪರದೆಗೆ ಹೇಳುತ್ತ ಹೋಗುತ್ತಿತ್ತು. ಪರದೆ ಅದನ್ನು ಒಂದು ಅಂಕೆಯಾಗಿ ಬೇಯಿಸಿ ಬಡಿಸುತ್ತಿತ್ತು. ತರಬೇತಿಯವರೆಲ್ಲ ಸೇರಿ ಅದಕ್ಕೆ ಚಾಡಿಪಟ್ಟಿ ಎಂದು ಹೆಸರಿಟ್ಟಿದ್ದರು.

ಅದನ್ನು ಕೇಳಿ ತರಿಸಿಕೊಂಡವರೂ ಅವರೇ. ಎರಡು ವರ್ಷದ ಕೆಳಗೆ, ದೊಡ್ಡ ಮನೆತನದ ಅಡ್ಡಹೆಸರು ಇದ್ದವರಿಗೆ ಮಾತ್ರ ದೊಡ್ಡ ಆಪರೇಷನ್ನು, ಉಳಿದವರಿಗೆ ಗಾಯ ತೊಳೆಯುವ ಕೆಲಸ ಎಂಬ ಪದ್ಧತಿಯ ವಿರುದ್ಧ ಹದಿನಾಲ್ಕು ಜನ ಸಹಿ ಹಾಕಿ ಪತ್ರ ಕೊಟ್ಟಿದ್ದರು. 'ನಮ್ಮ ಮುಖ ನೋಡಿ ಅಂಕ ಕೊಡಬೇಡಿ, ಕೈ ನೋಡಿ ಕೊಡಿ' ಎಂಬ ಸಾಲನ್ನು ಬರೆದವಳು ಬೆತ್ಸಾಬೆ. ಅವಳ ಸಹಿಯೇ ಮೊದಲನೆಯದು. ಹೊರದೇಶದ ಯಾವುದೋ ಕಂಪನಿ ಪರೀಕ್ಷೆಗೆಂದು ಪಟ್ಟಿಗಳನ್ನು ಪುಕ್ಕಟೆಯಾಗಿ ಕೊಟ್ಟಾಗ ವಿಭಾಗದ ಮುಖ್ಯಸ್ಥ ಡಾಕ್ಟರ್ ಉರ್ಕೀದಿ ಆ ಸಾಲನ್ನೇ ಸಭೆಯಲ್ಲಿ ಓದಿ ಹೇಳಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವಳು ಎಲ್ಲರಿಗಿಂತ ಜೋರಾಗಿ ತಟ್ಟಿದ್ದಳು.

ಈಗ ಉರ್ಕೀದಿ ಅವಳನ್ನು ಕೋಣೆಗೆ ಕರೆಸಿದ. ಕೆಟ್ಟ ಮನುಷ್ಯನಲ್ಲ. ಮಾತಾಡುವಾಗ ಕಣ್ಣು ತಪ್ಪಿಸುತ್ತಿರಲಿಲ್ಲ.

"ನೋಡಮ್ಮ, ನಿನ್ನ ಕೈ ಚೆನ್ನಾಗಿದೆ. ನಂಗೆ ಗೊತ್ತು. ಆದ್ರೆ ಆಪರೇಷನ್ನಿನ ಮಧ್ಯೆ ಅದು ನಿಂತುಬಿಡತ್ತೆ. ಒಂದು ಸಲ ಎರಡು ನಿಮಿಷ, ಇನ್ನೊಂದು ಸಲ ಮೂರು ನಿಮಿಷ. ಮುಂದೇನು ಮಾಡ್ಬೇಕು ಅಂತ ಗೊತ್ತಾಗದೆ ತಡವರಿಸೋರ ಲಕ್ಷಣ ಅದು."

"ತಡವರಿಸ್ತಿಲ್ಲ ಡಾಕ್ಟ್ರೇ. ಕಾಯ್ತಿದೀನಿ. ರಕ್ತ ಬರತ್ತಾ ಅಂತ."

"ಬರೋದಿದ್ರೆ ಬರತ್ತೆ, ಕಾಣತ್ತೆ."

"ಬಿ.ಪಿ. ಕೆಳಗಿದ್ದಾಗ ಕಾಣಲ್ಲ. ದೋನ್ಯಾ ಪ್ಲಾಸಿದಾ..."

"ಪ್ಲಾಸಿದಾ ಉಪಕರಣ ಎತ್ತಿಕೊಡೋ ನರ್ಸು, ಸರ್ಜನ್ ಅಲ್ಲ." ಉರ್ಕೀದಿ ಹಣೆ ಒತ್ತಿಕೊಂಡ. "ಈ ಲೆಕ್ಕದಲ್ಲಿ ಕಾಯೋದು ಅಂತ ಒಂದು ಮನೆಯೇ ಇಲ್ಲಮ್ಮ. ಚಲನೆ ಇದೆ, ಇಲ್ಲ ಅಂದ್ರೆ ಇಲ್ಲ, ಅಷ್ಟೆ. ನಿನಗೋಸ್ಕರ ಕಂಪನಿಗೆ ಬರೆದೆ. ನಿಮ್ಮ ಸಲಹೆಯನ್ನು ದಾಖಲಿಸಿಕೊಂಡಿದ್ದೇವೆ ಅಂತ ಉತ್ತರ ಬಂತು. ಹಿಂದೆ ನಾನು ನನ್ನ ಮನಸ್ಸಿಗೆ ಬಂದವರನ್ನ ಪಾಸು ಮಾಡ್ತಿದ್ದೆ, ನೀವೇ ಬೇಡ ಅಂದ್ರಿ. ಈಗ ನನ್ನ ಕೈಲಿ ಏನಿದೆ ಹೇಳು? ಮುಂದಿನ ತಿಂಗಳ ಮೊದಲನೇ ದೊಡ್ಡ ಆಪರೇಷನ್. ಅರವತ್ತು ದಾಟು. ಇಲ್ಲದಿದ್ರೆ ನಿನ್ನ ಕಾಗದಕ್ಕೆ ನಾನೇ ಸಹಿ ಹಾಕ್ಬೇಕಾಗತ್ತೆ."

*

ಕಾಯುವುದನ್ನು ಅವಳಿಗೆ ಕಲಿಸಿದವಳು ದೋನ್ಯಾ ಪ್ಲಾಸಿದಾ. ಅಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ದೋನ್ಯಾ, ಗಂಡಸರನ್ನು ದೋನ್ ಎಂದು ಕರೆಯುತ್ತಾರೆ. ಮೂವತ್ತೊಂದು ವರ್ಷ ಅದೇ ಮೇಜಿನ ಅದೇ ಬದಿಯಲ್ಲಿ ನಿಂತು ಕತ್ತರಿ ಚಿಮಟ ಎತ್ತಿಕೊಟ್ಟವಳು, ಕುಳ್ಳಿ, ಕಾಲಿಗೆ ಮಣೆಯಿಲ್ಲದೆ ಮೇಜು ಎಟುಕದು. ಬೆತ್ಸಾಬೆ ಮೊದಲನೇ ವರ್ಷ ಬಂದಾಗ ಅವಳು ಹೇಳಿದ್ದಳು:

"ನಮ್ಮ ಮೇಲೂರಿನ ರಕ್ತ ಗಟ್ಟಿ ಕಣಮ್ಮ, ಸೋಮಾರಿ ರಕ್ತ. ಮತ್ತಿನ ಮದ್ದು ಕೊಟ್ಟಾಗ ನಾಚ್ಕೊಂಡು ಒಳಗೇ ಕೂತಿರತ್ತೆ. ಎಲ್ಲ ಒಣಗಿದೆ ಅಂತ ನೀನು ಹೊಲಿದು ಮನೆಗೆ ಹೋಗ್ತೀಯ. ಆಸಾಮಿ ಎಚ್ಚರಾಗಿ ಕೆಮ್ತಾನೆ ನೋಡು, ಆಗ ಬರತ್ತೆ ಮೆರವಣಿಗೆ."

ಅದಕ್ಕೇ ಆ ಆಪರೇಷನ್ ಥಿಯೇಟರಿನಲ್ಲಿ ಒಂದು ಪದ್ಧತಿ ಇತ್ತು. ರಕ್ತನಾಳಗಳನ್ನೆಲ್ಲ ಕಟ್ಟಿಯಾದ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಯನ್ನು ಒಳಗೆ ತುಂಬಿ, ಎರಡೂ ಅಂಗೈಯನ್ನು ಅದರ ಮೇಲೆ ಇಡಬೇಕು. ಮತ್ತಿನ ಮದ್ದು ಕೊಡುವವರಿಗೆ ಬಿ.ಪಿ. ಸ್ವಲ್ಪ ಏರಿಸಲು ಹೇಳಬೇಕು. ಪ್ಲಾಸಿದಾ ಮುಖದ ಬಟ್ಟೆಯ ಹಿಂದೆ ಮೂರು ಸಲ 'ನಮೋ ಮರಿಯಾ' ಹೇಳುತ್ತಾಳೆ, ಅವಸರವಿಲ್ಲದೆ, ತನ್ನ ಜನರ ಅಯ್ಮಾರಾ ಭಾಷೆಯಲ್ಲಿ. ಆಮೆನ್ ಅಂದ ಮೇಲೆ ಬಟ್ಟೆ ಎತ್ತಿ ನೋಡಬೇಕು. ಕೆಂಪು ಚುಕ್ಕೆ ಇದ್ದರೆ ಹುಡುಕಿ ಕಟ್ಟಬೇಕು. ದೇವರನ್ನು ನಂಬದ ಸರ್ಜನ್ನರೂ ಆ ಮೂರು ಪ್ರಾರ್ಥನೆ ಮುಗಿಯುವ ತನಕ ಕೈ ಅಲ್ಲಾಡಿಸದೆ ನಿಂತಿದ್ದರು. ಗೋಡೆಯ ಗಡಿಯಾರ ಕೆಟ್ಟು ಎಷ್ಟು ವರ್ಷವಾಗಿತ್ತೋ, ಪ್ಲಾಸಿದಾಳ ಬಾಯಿ ಕೆಟ್ಟಿರಲಿಲ್ಲ.

ಕಂಪನಿಯ ಲೆಕ್ಕಕ್ಕೆ ಮಾದರಿಯಾಗಿ ಕೂತ ಕೈಗಳು ಬೇರೆ. ನಾಳವನ್ನು ಸುಟ್ಟು ಮುಚ್ಚುವ ಯಂತ್ರವಿರುವ ಆಸ್ಪತ್ರೆಗಳ ಕೈಗಳು ಅವು. ಪೆಟ್ಟಿಗೆಗಟ್ಟಲೆ ನೂಲು, ಪಕ್ಕದ ಕೋಣೆಯಲ್ಲೇ ರಕ್ತ, ರಾತ್ರಿಯಿಡೀ ರೋಗಿಯ ತಲೆಯ ಬಳಿ ಕೂರುವ ನರ್ಸು ಇರುವ ಕಡೆಯ ಕೈಗಳು. ಅಂಥ ಕೈ ಯಾಕೆ ಕಾಯಬೇಕು? ಎಲ್ ಆಲ್ತೊದಲ್ಲಿ ರೋಗಿಯ ಮನೆಯವರು ಚೀಟಿ ಹಿಡಿದು ರಸ್ತೆ ದಾಟಿ ಎದುರಿನ ಅಂಗಡಿಯಿಂದ ನೂಲು ತಂದುಕೊಡುತ್ತಾರೆ. ನಲವತ್ತು ಹಾಸಿಗೆಗೆ ಇಬ್ಬರು ನರ್ಸುಗಳು. ಇಲ್ಲಿ ಒಳಗೆ ನೋಡದೆ ಮುಚ್ಚಿದರೆ ಆಮೇಲೆ ನೋಡುವವರು ಯಾರೂ ಇಲ್ಲ. ಇದನ್ನು ಲೆಕ್ಕ ಬರೆದವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಬೆತ್ಸಾಬೆ ಮೂರು ವಾರ ಅಭ್ಯಾಸ ಮಾಡಿದಳು. ಸಂತೆಯಿಂದ ಹಸುವಿನ ಕರುಳು ತಂದು, ವಿಭಾಗದ ಹಳೆಯ ಪಟ್ಟಿಯೊಂದನ್ನು ಕಟ್ಟಿಕೊಂಡು, ಕಲಿಕೆಯ ಕೋಣೆಯಲ್ಲಿ ಗಂಟು ಕಟ್ಟಿದ್ದೇ ಕಟ್ಟಿದ್ದು. ಚಾಡಿಪಟ್ಟಿಗೆ ಏನು ರುಚಿ ಎಂದು ಕಲಿತಳು. ಬೆರಳು ಗಂಟನ್ನು ತಡವಿ ನೋಡಿದರೆ ಅದು ಮುನಿಯುತ್ತಿತ್ತು. ಗಂಟಿನಿಂದ ಗಂಟಿಗೆ ಕೈ ಹರಿಯುತ್ತಾ ಹೋದರೆ ಹಸಿರಾಗುತ್ತಿತ್ತು. ಕಡೆಯ ವಾರ ಎಂಬತ್ತಮೂರು ಬಂತು. ಸುಮ್ಮನಿರುವುದನ್ನು ಮರೆಯುವುದು ಮೊದಲು ಕಷ್ಟವಾಯಿತು, ಆಮೇಲೆ ಸುಲಭವಾಯಿತು.

"ನಿಜ ಹೇಳು, ನೀನು ಕಾಯೋದೇ ಇಲ್ವಾ?" ಎಂದು ಇಗ್ನಾಸಿಯೊನನ್ನು ಕೇಳಿದಳು.

"ಕಾಯ್ತಿದ್ದೆ. ಎರಡು ಸಲ ಬೈಸಿಕೊಂಡೆ, ಬಿಟ್ಟೆ." ಅವನು ಬ್ರೆಡ್ಡು ಮುರಿದು ಅರ್ಧ ಅವಳಿಗೆ ಕೊಟ್ಟ. "ಇಲ್ಲಿತನಕ ಏನೂ ಆಗಿಲ್ಲ ಮಾರಾಯ್ತಿ."

*

ಹೊಸ ತಿಂಗಳ ಎರಡನೇ ದಿನ ಬೆಳಗ್ಗೆ ದೋನ್ ಫೆರ್ಮಿನ್ ಲರೂತಾ ಬಂದ. ಬಂದ ಎನ್ನುವುದಕ್ಕಿಂತ ಬಸ್ಸಿನಿಂದ ಇಬ್ಬರು ಹೊತ್ತು ತಂದರು. ಅರವತ್ತಾರು ವರ್ಷ. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಎತ್ತರದ ಬಯಲಿನ ಗಂಡಸರಿಗೆ ಕರುಳು ಉದ್ದ, ಅದು ತನ್ನನ್ನು ತಾನೇ ತಿರುಚಿಕೊಳ್ಳುವುದು ಆ ವಾರ್ಡಿಗೆ ಹೊಸದಲ್ಲ. ಅವನು ಮೂರು ದಿನ ಮನೆಯಲ್ಲಿ ಕಷಾಯ ಕುಡಿದು ಕಾದಿದ್ದ.

ಹಬ್ಬದ ವಾದ್ಯಮೇಳದಲ್ಲಿ ಮೈಸುತ್ತ ಸುತ್ತಿಕೊಳ್ಳುವ ಹಿತ್ತಾಳೆಯ ಹೆಗ್ಗಹಳೆ ಊದುವುದು ಅವನ ಕಸುಬು. ಬೆತ್ಸಾಬೆ ಹೊಟ್ಟೆ ಮುಟ್ಟಿ ನೋಡಿದಾಗ ಹಲ್ಲು ಕಚ್ಚಿಕೊಂಡೇ ಅಂದ: "ನಲವತ್ತು ವರ್ಷ ನಾನು ಅದನ್ನ ಊದಿದೆ ಮಗಳೇ. ಈಗ ಅದು ನನ್ನನ್ನ ಊದ್ತಿದೆ."

"ಮಾತು ಕಮ್ಮಿ ಮಾಡ್ರೀ, ಹೊಟ್ಟೆ ಒಡೆದೀತು," ಎಂದಳು ಹೆಂಡತಿ ದೋನ್ಯಾ ಫ್ಲೋರಾ. ಹ್ಯಾಟು ಕಂಕುಳಲ್ಲಿ, ಬೆನ್ನಿಗೆ ಬಣ್ಣದ ಗಂಟು. ಮೂರು ದಿನದಿಂದ ಅವಳು ಸರಿಯಾಗಿ ನಿದ್ದೆ ಮಾಡಿದಂತಿರಲಿಲ್ಲ.

"ನೀನು ಯಾವ ಯುಹ್ರಾ? ಬೇಕರಿ ಯುಹ್ರಾನ ಮಗಳಾ? ನಿಮ್ಮಪ್ಪನ ಮದುವೇಲಿ ನಾನೇ ಊದಿದ್ದು. ಹುಡುಗ ನಡುಗ್ತಿದ್ದ ಪಾಪ," ಎಂದು ಫೆರ್ಮಿನ್ ನಗಲು ಹೋಗಿ ನರಳಿದ. "ಎಷ್ಟು ದಿನ ಊದಬಾರದು ಹೇಳಿಬಿಡು. ಆಗಸ್ಟಲ್ಲಿ ಕೊಪಕಬಾನದ ಮಾತೆಯ ಹಬ್ಬ ಇದೆ, ಮುಂಗಡ ತಗೊಂಡಿದೀನಿ."

"ಆಗಸ್ಟಿಗೆ ಊದ್ತೀರಿ ದೋನ್ ಫೆರ್ಮಿನ್. ನಾನು ಹೇಳ್ತಿದೀನಲ್ಲ."

ಅವಳು ನೂಲು, ಗ್ಲೌಸು, ಬಟ್ಟೆಯ ಚೀಟಿ ಬರೆದಳು. ದೋನ್ಯಾ ಫ್ಲೋರಾಗೆ ಓದು ಬಾರದು, ಆದರೆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದಳು.

"ಮೊಹರು ಒತ್ತಿ ಡಾಕ್ಟರಮ್ಮ. ಮೊಹರು ಇಲ್ದಿದ್ರೆ ಎದುರಂಗಡಿಯೋನು ನಾಯಿ ಅಟ್ಟಿದಂಗೆ ಅಟ್ತಾನೆ."

ಆ ದೇಶದಲ್ಲಿ ಡಾಕ್ಟರ ಹೆಸರಿನ ಮೊಹರಿಲ್ಲದ ಕಾಗದ ಬರೀ ಕಾಗದ. ಬೆತ್ಸಾಬೆಯ ಮೊಹರು ಅವಳ ಕಿಸೆಯಲ್ಲಿ ಪೆನ್ನಿನ ಜೊತೆ ಇರುತ್ತಿತ್ತು. ಶಾಯಿ ಒಣಗಿತ್ತು. ಬಾಯಿಯ ಹಬೆ ಊದಿ ಒತ್ತಿಕೊಟ್ಟಳು.

*

ಹತ್ತು ಗಂಟೆಗೆ ಹೊಟ್ಟೆ ತೆರೆದರು. ಎದುರಿಗೆ ಇಗ್ನಾಸಿಯೊ ನೆರವಿಗೆ, ಎಡಕ್ಕೆ ಮಣೆಯ ಮೇಲೆ ಪ್ಲಾಸಿದಾ, ಪರದೆಯ ಪಕ್ಕ ಕೈಕಟ್ಟಿ ಉರ್ಕೀದಿ.

ಕರುಳು ತೊಡೆಯಷ್ಟು ದಪ್ಪವಾಗಿ, ಕಪ್ಪಾಗಿ ಮೇಲೆದ್ದು ಬಂತು. ಬಿಡಿಸಬೇಕು, ಗಾಳಿ ಇಳಿಸಬೇಕು, ಸತ್ತದ್ದನ್ನು ಕತ್ತರಿಸಿ ತೆಗೆಯಬೇಕು. ಅದಕ್ಕೆ ಮೊದಲು ಅದಕ್ಕೆ ರಕ್ತ ತರುವ ಪೊರೆಯಲ್ಲಿನ ನಾಳಗಳನ್ನು ಒಂದೊಂದಾಗಿ ಕಟ್ಟಬೇಕು. ಎಷ್ಟು ಸಲ ತಿರುಚಿ ಬಿಚ್ಚಿಕೊಂಡಿತ್ತೋ, ಪೊರೆ ಹಳೆಯ ಚಪ್ಪಲಿಯ ತೊಗಲಿನಂತೆ ಗಟ್ಟಿಯಾಗಿತ್ತು. ಜಾರುವ ಆ ಭಾರವನ್ನು ಹಿಡಿದು ಬಿಡಿಸುವುದರಲ್ಲೇ ಅವಳ ಕೈ ಬಹಳ ದೂರ ಓಡಾಡಿಬಿಟ್ಟಿತ್ತು. ತಲೆಯೆತ್ತಿದಾಗ ಪರದೆಯಲ್ಲಿ ಅರವತ್ತೊಂದು.

ಆಮೇಲೆ ಗಂಟುಗಳು. ಅಲ್ಲಿ ಮೂರು ವಾರದ ಅಭ್ಯಾಸ ಕೈಹಿಡಿಯಿತು. ನೂಲು ಬಂತು, ಸುತ್ತಿತು, ಇಳಿಯಿತು, ಕತ್ತರಿ ಬಿತ್ತು. ಒಂದು, ಎರಡು, ಐದು, ಒಂಬತ್ತು. ಇಗ್ನಾಸಿಯೊ ಮೆಲ್ಲಗೆ ಸೀಟಿ ಹಾಕಿದ. ಪರದೆಯಲ್ಲಿ ಅರವತ್ತನಾಲ್ಕು.

ಆ ನಡುವೆ, ಆರನೆಯ ಗಂಟು ಕೂತಾಗ ಅದು ಅವಳ ಬೆರಳಿಗೆ ಪೂರ್ತಿ ಒಪ್ಪಿರಲಿಲ್ಲ. ದಪ್ಪ ಪೊರೆ, ಮೋಟು ತುಂಡು, ನೂಲು ಅಂಚಿಗೆ ಬಂದಿತ್ತು. ಹಿಂದೆಯಾದರೆ ತೋರುಬೆರಳು ತಾನಾಗಿ ಹೋಗಿ ತಡವುತ್ತಿತ್ತು. ಈಗ ತಾನಾಗಿ ಏಳನೆಯದಕ್ಕೆ ಹೋಯಿತು.

"ಬಿ.ಪಿ. ಎಂಬತ್ತೈದು," ಎಂದರು ಮತ್ತಿನ ಮದ್ದು ಕೊಡುವವರು.

ಸತ್ತ ಕರುಳು ಹೊರಗೆ ಬಂತು. ಹೊಟ್ಟೆಯೊಳಗೆ ಎಲ್ಲವೂ ಒಣಗಿತ್ತು, ಶುಭ್ರವಾಗಿತ್ತು. ಪ್ಲಾಸಿದಾ ಬಿಸಿನೀರಿನ ಬಟ್ಟೆಯನ್ನು ಹಿಂಡಿ ಕೊಟ್ಟಳು. ಕಣ್ಣು ಮುಚ್ಚಿ, ಮುಖದ ಬಟ್ಟೆಯ ಹಿಂದೆ ಶುರುಮಾಡಿದಳು: "ನಮೋ ಮರಿಯಾ..."

ಬೆತ್ಸಾಬೆ ಪರದೆ ನೋಡಿದಳು. ಅರವತ್ತನಾಲ್ಕು. ಮೂರು ಪ್ರಾರ್ಥನೆಗೆ ಏಳು ಅಂಕ ಹೋಗುತ್ತದೆಂದು ಅವಳಿಗೆ ಲೆಕ್ಕ ಗೊತ್ತಿತ್ತು. ಏಳು ಹೋದರೆ ಐವತ್ತೇಳು. ಐವತ್ತೇಳೆಂದರೆ ಉರ್ಕೀದಿಯ ಸಹಿ, ಬಾಡಿಗೆ ಕೋಣೆ ಖಾಲಿ, ಅಪ್ಪನ ಬೇಕರಿಯ ಗಲ್ಲಾದ ಹಿಂದೆ ಒಂದು ಕುರ್ಚಿ. ಹನ್ನೊಂದು ವರ್ಷದ ಓದು. ಒಳಗೆ ಒಂದು ಚುಕ್ಕೆಯೂ ಕೆಂಪಿರಲಿಲ್ಲ.

"ಬೇಡ ದೋನ್ಯಾ," ಎಂದಳು. "ಒಣಗಿದೆ. ಮುಚ್ಚೋಣ."

ಪ್ಲಾಸಿದಾ ಕಣ್ಣು ತೆರೆದಳು. ಸೂಜಿ ಅವಳ ಕೈಯಲ್ಲಿತ್ತು. ಕೊಡಲಿಲ್ಲ.

"ಒಂದೇ ಒಂದು ಹೇಳ್ತೀನಿ ಕಣಮ್ಮ. ಒಂದೇ."

"ಸೂಜಿ ಕೊಡಿ."

ಪರದೆಯ ಕಡೆಯಿಂದ ಉರ್ಕೀದಿಯ ದನಿ ಬಂತು: "ಪ್ಲಾಸಿದಾ, ಸರ್ಜನ್ ಸೂಜಿ ಕೇಳ್ತಿದಾರೆ."

ಸೂಜಿ ಬಂತು. ಬೆತ್ಸಾಬೆಯ ಕೈ ಹರಿಯಿತು. ಉಳಿದ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ತೂತಿನಿಂದ ಹೊರಕ್ಕೆ ತಂದು ಹೊಲಿದು, ಹೊಟ್ಟೆ ಮುಚ್ಚುವ ಹೊತ್ತಿಗೆ ಪರದೆಯಲ್ಲಿ ಅರವತ್ತಾರು ಹಸಿರಾಗಿ ನಿಂತಿತ್ತು. ಗಂಟಿನ ಭಾಗಕ್ಕೆ ಬೇರೆ ಅಂಕ ಕೊಟ್ಟಿತ್ತು, ತೊಂಬತ್ತೊಂದು. ಆ ವರ್ಷ ಯಾರಿಗೂ ಅಷ್ಟು ಬಂದಿರಲಿಲ್ಲ. ಉರ್ಕೀದಿ ಬಂದು ಅವಳ ಭುಜ ತಟ್ಟಿದ. ನಿಜವಾದ ಸಂತೋಷದಿಂದಲೇ ತಟ್ಟಿದ.

ಹೊರಗೆ ದೋನ್ಯಾ ಫ್ಲೋರಾ ಅವಳ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಪಟ್ಟಿ ಇನ್ನೂ ಬಿಚ್ಚಿರಲಿಲ್ಲ.

*

ಸಂಜೆ ಐದೂವರೆಗೆ ಅವಳು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಇಗ್ನಾಸಿಯೊನ ಜೊತೆ ಬಿಸಿ ಆಪಿ ಕುಡಿಯುತ್ತಿದ್ದಳು. ಕೆಂಜೋಳದ ಆ ಪಾನೀಯ ತುಟಿಗೆ ನೇರಳೆ ಬಣ್ಣ ಮೆತ್ತುತ್ತದೆ. ತೊಂಬತ್ತೊಂದರ ಬಾಬ್ತು ಅವನೇ ಕೊಡಿಸಿದ್ದು. ವಾರ್ಡಿನ ನರ್ಸು ಓಡಿ ಬಂದಳು.

"ನಿಮ್ಮ ಕಹಳೆ ಅಜ್ಜ ಎದ್ದು ಕೆಮ್ಮಿದ್ರು. ನೀರು ಕೇಳಿದ್ರು. ಅರ್ಧ ಗಂಟೆ ಆಗಿತ್ತು ನಾನು ಆ ಕಡೆ ಹೋಗಿ. ಈಗ ನೋಡ್ತೀನಿ, ಬೆಳ್ಳಗಾಗ್ಬಿಟ್ಟಿದಾರೆ."

ಅವಳು ಎರಡೆರಡು ಮೆಟ್ಟಿಲು ಹಾರಿ ಓಡಿದಳು. ನಾಡಿ ಬೆರಳಿಗೆ ಸಿಗದಷ್ಟು ಸಣ್ಣಗೆ, ಸಿಕ್ಕರೆ ಎಣಿಸಲಾಗದಷ್ಟು ಜೋರಾಗಿ. ಬೆಳಗ್ಗೆ ಇಳಿಸಿದ್ದ ಹೊಟ್ಟೆ ಮತ್ತೆ ಉಬ್ಬಿತ್ತು, ಈ ಸಲ ಗಾಳಿಯಿಂದಲ್ಲ. ಫೆರ್ಮಿನ್ ಅವಳನ್ನು ಗುರುತಿಸಿದ. "ಚಳಿ ಮಗಳೇ," ಎಂದ. "ಬಾಗಿಲು ಹಾಕು."

ಮತ್ತೆ ಥಿಯೇಟರು. ಈ ಸಲ ಪಟ್ಟಿ ಕಟ್ಟಲು ಯಾರಿಗೂ ನೆನಪಾಗಲಿಲ್ಲ. ಮನೆಗೆ ಹೊರಟಿದ್ದ ಪ್ಲಾಸಿದಾ ಕೋಟು ಕಳಚಿ ಬಂದಳು. ಹೊಲಿಗೆ ಬಿಚ್ಚಿದ ಕೂಡಲೇ ರಕ್ತ ಮೇಜಿನ ಅಂಚು ದಾಟಿ ಬೆತ್ಸಾಬೆಯ ಬೂಟಿನ ಮೇಲೆ ಸುರಿಯಿತು, ಗಟ್ಟಿ ಕಪ್ಪು ರಕ್ತ. ಅವಳು ಕುರುಡಾಗಿ ಕೈ ಹಾಕಿ ಪೊರೆಯ ಬುಡವನ್ನು ಹುಡುಕಿದಳು. ಆರನೆಯ ತುಂಡು. ನೂಲು ಬಿಗಿಯಾದ ಉಂಗುರದಂತೆ ಪೂರ್ತಿಯಾಗಿತ್ತು, ಎಲ್ಲೂ ಹರಿದಿರಲಿಲ್ಲ. ಗಂಟು ಗಂಟಾಗಿಯೇ ಇತ್ತು. ಹಿಡಿದುಕೊಳ್ಳಬೇಕಾದದ್ದನ್ನು ಬಿಟ್ಟು ಪಕ್ಕಕ್ಕೆ ಜಾರಿ ಬಿದ್ದಿತ್ತು.

ನಾಳವನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಳು. ರಕ್ತ ನಿಂತಿತು. ನಿಲ್ಲಿಸಲು ಈಗ ಹೆಚ್ಚು ರಕ್ತ ಉಳಿದಿರಲಿಲ್ಲ.

ರಕ್ತನಿಧಿಯಲ್ಲಿ ಅವನ ಗುಂಪಿನದು ಒಂದೇ ಚೀಲ. ಇನ್ನೊಂದಕ್ಕೆ ಕೆಳಗಿನ ನಗರಕ್ಕೆ ಆಂಬುಲೆನ್ಸು ಹೋಯಿತು. ಅವಳು ಬೆರಳು ತೆಗೆಯಲಿಲ್ಲ. ಕೈ ಸುಮ್ಮನಿತ್ತು. ಯಾರೂ ಹೇಳದಿದ್ದರೂ ಪ್ಲಾಸಿದಾ ಪ್ರಾರ್ಥನೆ ಶುರುಮಾಡಿದಳು. ಮೂರಾಯಿತು. ನಿಲ್ಲಿಸಲಿಲ್ಲ. ಮೂವತ್ತಾಯಿತೋ ನಲವತ್ತಾಯಿತೋ. ಮತ್ತಿನ ಮದ್ದು ಕೊಡುವವರು ಯಂತ್ರದ ಸದ್ದು ಆರಿಸಿದ ಮೇಲೂ ಅವಳ ತುಟಿ ಆಡುತ್ತಿತ್ತು.

"ಬಿಡಮ್ಮ," ಎಂದಳು ಕಡೆಗೆ. "ಕೈ ತೆಗಿ. ಹೋದ್ರು."

ತೊಳೆಯುವ ತೊಟ್ಟಿಯಲ್ಲಿ ಇಬ್ಬರೂ ಕೈ ತೊಳೆದರು. "ನಾನು ಸೂಜಿ ಕೊಡಬಾರದಾಗಿತ್ತು," ಎಂದಳು ಪ್ಲಾಸಿದಾ ನೀರಿಗೆ ಹೇಳುವಂತೆ. "ಮೂವತ್ತೊಂದು ವರ್ಷದಲ್ಲಿ ಯಾರಿಗೂ ಹಂಗೆ ಕೊಟ್ಟೋಳಲ್ಲ. ಈ ಸಲ ಕೊಟ್ಬಿಟ್ಟೆ."

*

ಮರುದಿನ ಬೆಳಗ್ಗೆ ಏಳಕ್ಕೆ ಸಾವಿನ ವಿಮರ್ಶೆಯ ಸಭೆ. ವೈದ್ಯರಿಗೆ ಮಾತ್ರ ಕುರ್ಚಿ. ಪ್ಲಾಸಿದಾಳನ್ನು ಕರೆದಿರಲಿಲ್ಲ, ಅವಳು ಬಾಗಿಲ ಹೊರಗೆ ನಿಂತಿದ್ದಳು.

ಉರ್ಕೀದಿ ಪರದೆಯ ಮೇಲೆ ಬೆತ್ಸಾಬೆಯ ಕೈ ನಡೆದ ದಾರಿಯನ್ನು ತೋರಿಸಿದ. ಕಪ್ಪು ಬಯಲಿನಲ್ಲಿ ಹಸಿರು ಗೆರೆ, ರೇಷ್ಮೆ ಎಳೆಯ ಹಾಗೆ. ಆರನೆಯ ಗಂಟಿನ ಜಾಗದಲ್ಲಿ ಕೋಲಿಟ್ಟ.

"ಇಲ್ಲಿ ನೋಡಿ. ಒಂದು ಅನವಶ್ಯಕ ಚಲನೆ ಇಲ್ಲ, ನಡುಕ ಇಲ್ಲ, ತಡೆ ಇಲ್ಲ. ತೊಂಬತ್ತೊಂದು. ಕೈಯಲ್ಲಿ ದೋಷ ಇರಲಿಲ್ಲ ಅನ್ನೋದು ಸ್ಪಷ್ಟ. ಹಾಗಾದ್ರೆ ಉಳಿಯೋದು ನೂಲು. ಮನೆಯವರು ಎದುರಂಗಡಿಯಿಂದ ತಂದ ನೂಲು. ಅದು ಹಳೇದಾಗಿರಬಹುದು, ನಕಲಿ ಇರಬಹುದು."

ಬೆತ್ಸಾಬೆ ಎದ್ದು ನಿಂತಳು.

"ನೂಲು ಹರಿದಿರಲಿಲ್ಲ ಡಾಕ್ಟ್ರೇ. ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ಗಂಟು ಜಾರಿತ್ತು. ಅದು ಸರಿಯಾಗಿ ಕೂತಿಲ್ಲ ಅಂತ ನನ್ನ ಬೆರಳಿಗೆ ಗೊತ್ತಿತ್ತು. ತಡವಿ ನೋಡಲಿಲ್ಲ. ಆಮೇಲೆ ಕಾಯಲೂ ಇಲ್ಲ. ಕಾದಿದ್ರೆ ಕಾಣ್ತಿತ್ತು. ಅಂಕಕ್ಕೋಸ್ಕರ ಕಾಯಲಿಲ್ಲ."

ಇಗ್ನಾಸಿಯೊ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಕೂತ್ಕೋಮ್ಮ," ಎಂದ ಉರ್ಕೀದಿ, ಮೆತ್ತಗೆ. "ರಾತ್ರಿಯೆಲ್ಲ ನಿದ್ದೆ ಇಲ್ಲ ನಿನಗೆ. ಮೊದಲನೇ ರೋಗಿ ಕೈಯಲ್ಲಿ ಹೋದಾಗ ನನಗೂ ಹೀಗೇ ಅನಿಸಿತ್ತು. ಬೆರಳಿಗೆ ಗೊತ್ತಿತ್ತು ಅನ್ನೋದು ನಿನ್ನ ಅನಿಸಿಕೆ. ಇದು ಅಳತೆ. ಅನಿಸಿಕೆ ಬೇಡ, ಅಳತೆ ಬೇಕು ಅಂತ ಬರೆದುಕೊಟ್ಟೋರು ಯಾರು?"

ಯಾರೋ ಒಬ್ಬರು ನಕ್ಕು ಕೆಮ್ಮಿದಂತೆ ಮಾಡಿದರು.

"ವರದಿಯಲ್ಲಿ ನೂಲು ಅಂತ ಬರೀರಿ," ಎಂದ ಉರ್ಕೀದಿ ಗುಮಾಸ್ತನಿಗೆ. "ಡಾಕ್ಟರ್ ಯುಹ್ರಾ ತರಬೇತಿಯಲ್ಲಿ ಮುಂದುವರಿಯುತ್ತಾರೆ."

*

ದೋನ್ಯಾ ಫ್ಲೋರಾ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಹೆಣದ ಕಾಗದಕ್ಕಾಗಿ ಕಾಯುತ್ತಿದ್ದಳು. ಗುಮಾಸ್ತ ಆಗಲೇ ಬಂದು ವರದಿ ಓದಿ ಹೇಳಿ ಹೋಗಿದ್ದ. ಅವಳ ಮಡಿಲಲ್ಲಿ ನೂಲಿನ ಖಾಲಿ ಪೊಟ್ಟಣಗಳಿದ್ದವು. ಯಾಕೆ ಇಟ್ಟುಕೊಂಡಿದ್ದಳೋ, ಬಿಸಾಡಲು ಮನಸ್ಸು ಬಂದಿರಲಿಲ್ಲವೋ. ಒಂದೊಂದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಎಲ್ಲಾದರೂ ತಪ್ಪು ಕಂಡೀತೆಂಬಂತೆ.

"ಅಂಗಡಿಯೋನು ಎರಡು ಥರ ಇದೆ ಅಂದ ಡಾಕ್ಟರಮ್ಮ," ಎಂದಳು ತಲೆಯೆತ್ತದೆ. "ಯಾವುದು ಒಳ್ಳೇದು ಅಂತ ಕೇಳಿದೆ. ಎರಡೂ ಒಂದೇ ಅಂದ. ನಾನು ಈ ನೀಲಿದನ್ನ ತಗೊಂಡೆ. ಇನ್ನೊಂದು ತಗೊಂಡಿದ್ರೆ ಇವರು ಇರ್ತಿದ್ರು ಅಲ್ವಾ? ಮಗನಿಗೆ ಹೆಂಗೆ ಹೇಳಲಿ, ನಾನು ತಂದ ನೂಲು ಅಂತ?"

ಬೆತ್ಸಾಬೆ ಅವಳ ಪಕ್ಕ ಕೂತಳು. ಬೆಂಚು ತಣ್ಣಗೆ ಕೊರೆಯುತ್ತಿತ್ತು.

"ನೂಲು ಚೆನ್ನಾಗಿತ್ತಮ್ಮ. ಎರಡೂ ಒಂದೇ ನೂಲು. ಅಂಗಡಿಯೋನು ನಿಜ ಹೇಳಿದ. ತಪ್ಪಿದ್ದು ನನ್ನ ಕೈ. ಗಂಟು ಹಾಕಿ ನೋಡಬೇಕಿತ್ತು, ನೋಡಲಿಲ್ಲ. ಕಾಯಬೇಕಿತ್ತು, ಕಾಯಲಿಲ್ಲ. ನನ್ನನ್ನ ಇಲ್ಲಿಂದ ಕಳಿಸ್ಬಿಡ್ತಾರೆ ಅಂತ ಹೆದರಿದ್ದೆ."

ದೋನ್ಯಾ ಫ್ಲೋರಾ ಈಗ ತಲೆಯೆತ್ತಿದಳು. ಕೂಗಾಡುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದಳು ಬೆತ್ಸಾಬೆ. ಹೊಡೆದರೆ ಒಳ್ಳೆಯದಿತ್ತು. ಅವಳು ಮಾತ್ರ ಮಡಿಲಿನ ಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸಿ ಬದಿಗಿಟ್ಟಳು.

"ಬರೀರಿ," ಎಂದಳು.

"ಏನು?"

"ಈಗ ಹೇಳಿದ್ದನ್ನ. ಬಾಯಲ್ಲಿ ಹೇಳಿದ್ರೆ ನಾನು ಊರಲ್ಲಿ ಯಾರಿಗೆ ತೋರಿಸಲಿ? ಆ ಗುಮಾಸ್ತ ಓದಿದ ಕಾಗದದಲ್ಲಿ ನೂಲು ಅಂತಿದೆ. ನೀವು ಇನ್ನೊಂದು ಕಾಗದ ಕೊಡಿ."

ಬೆತ್ಸಾಬೆ ಕಿಸೆಯಿಂದ ಔಷಧಿ ಚೀಟಿಯ ಪುಸ್ತಕ ತೆಗೆದಳು. ಬರೆದ ಕಾಗದ ಈ ಕಟ್ಟಡದ ಹೊರಗೆ ಹೋದರೆ ಅದು ಎಲ್ಲೆಲ್ಲಿ ಸುತ್ತಿ, ಯಾವ ಮೇಜಿನ ಮೇಲೆ ಬಂದು ಕೂರುತ್ತದೆಂದು ಅವಳಿಗೆ ಗೊತ್ತಿತ್ತು. ಉರ್ಕೀದಿಯ ಸಹಿಗೆ ಅರವತ್ತರ ಕೆಳಗಿನ ಅಂಕ ಬೇಕಿಲ್ಲ, ಇಷ್ಟು ಸಾಕು. ಹನ್ನೊಂದು ವರ್ಷ. ನಿಧಾನವಾಗಿ ಬರೆದಳು. ದಿನ, ಹೊತ್ತು, ಆರನೆಯ ಗಂಟು, ತಡವದ ಬೆರಳು, ಕಾಯದ ಕೈ, ಪರದೆಯ ಅಂಕೆ. ಎರಡು ಚೀಟಿ ತುಂಬಿತು. ಸಹಿ ಹಾಕಿ ಕೊಟ್ಟಳು.

ದೋನ್ಯಾ ಫ್ಲೋರಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಕ್ಷರಗಳನ್ನು ಬಿಟ್ಟು ಅವುಗಳ ಕೆಳಗಿನ ಖಾಲಿ ಜಾಗವನ್ನು ನೋಡಿದಳು.

"ಮೊಹರು?"

ಬೆತ್ಸಾಬೆ ಮೊಹರು ತೆಗೆದು, ಹಬೆ ಊದಿ, ಒತ್ತಿದಳು.

"ಮಾಸಲಾಗಿದೆ," ಎಂದಳು ದೋನ್ಯಾ ಫ್ಲೋರಾ ಕಾಗದವನ್ನು ಹಿಂದಕ್ಕೆ ಚಾಚಿ. "ಇನ್ನೊಂದ್ಸಲ ಒತ್ತಿ. ಹೆಸರು ಕಾಣೋ ಹಂಗೆ."

ಅವಳು ಮತ್ತೆ ಹಬೆ ಊದಿ, ಮೊಹರನ್ನು ಕಾಗದದ ಮೇಲಿಟ್ಟು, ಎರಡೂ ಕೈಯ ಭಾರ ಹಾಕಿ ಒತ್ತಿ ಹಿಡಿದಳು. ಶಾಯಿ ಇಳಿಯುವ ತನಕ ಕೈ ಎತ್ತಲಿಲ್ಲ.